ಮೊದಲ ಐವತ್ತು ಕಿಲೋಮೀಟರ್: ಅಪಲೇಚಿಯನ್ ಟ್ರೇಲ್‌ಗೆ ಹೊರಟ ಹೊಸಬರ ಪ್ರಶ್ನೆಗಳು

ಅಮೆರಿಕದ ಪೂರ್ವ ಭಾಗದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದುಹೋಗುವ ಅಪಲೇಚಿಯನ್ ಟ್ರೇಲ್ ಸುಮಾರು 3,530 ಕಿ.ಮೀ. ಉದ್ದದ ಕಾಲುದಾರಿ. ಅಲ್ಲಿ ನಡೆಯುವ ಆಸೆಯಿರುವ, ಆದರೆ ಊಟ-ಹಾಸಿಗೆ-ಸೂರನ್ನೆಲ್ಲ ಬೆನ್ನಿಗೇರಿಸಿಕೊಂಡು ವಾರಗಟ್ಟಲೆ ನಡೆದ ಅಭ್ಯಾಸವಿಲ್ಲದ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಕುಮಾರ ಪರ್ವತ, ಕುದುರೆಮುಖ ಹತ್ತಿದ್ದೇವೆ. ಹಿಮಾಲಯದಲ್ಲೂ ಒಂದು ವಾರದ ಟ್ರೆಕ್ ಮುಗಿಸಿದ್ದೇವೆ. ಗೆಳೆಯನೂ ನಾನೂ ಮಾರ್ಚ್‌ನಲ್ಲಿ ಜಾರ್ಜಿಯಾದಿಂದ ಹೊರಟು ಇಡೀ ದಾರಿ ನಡೆಯಬೇಕು ಎಂದುಕೊಂಡಿದ್ದೇವೆ. ಅಲ್ಲಿನ ಬೆಟ್ಟಗಳು ನಮ್ಮವಕ್ಕಿಂತ ಎತ್ತರವೇನಲ್ಲ. ಹಾಗಿದ್ದೂ ಅರ್ಧಕ್ಕೇ ಬಿಟ್ಟುಬರುವವರು ಅಷ್ಟೊಂದು ಜನ ಯಾಕೆ?
— ಓದುಗ, ಬೆಂಗಳೂರು

ಎತ್ತರದ ಲೆಕ್ಕ ಸರಿಯಾಗಿಯೇ ಇದೆ. ಆ ದಾರಿಯ ಅತಿ ಎತ್ತರದ ಜಾಗ ಕುವೋಹಿ 2,025 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಹೆಚ್ಚು, ಅಷ್ಟೇ. ಕೊನೆಯ ಶಿಖರ ಕಟಾಡಿನ್ 1,606 ಮೀಟರ್, ಅಂದರೆ ಕುಮಾರ ಪರ್ವತಕ್ಕಿಂತ ಗಿಡ್ಡ. ಆದರೆ ಈ ದಾರಿ ಒಂದು ಗುಡ್ಡ ಹತ್ತಿಸಿ, ತಳಕ್ಕಿಳಿಸಿ, ಮತ್ತೊಂದನ್ನು ಹತ್ತಿಸುತ್ತದೆ. ಹತ್ತಿದ್ದನ್ನೆಲ್ಲ ಕೂಡಿದರೆ 1,40,000 ಮೀಟರ್ ದಾಟುತ್ತದೆ. ಕುಕ್ಕೆಯಿಂದ ಕುಮಾರ ಪರ್ವತವನ್ನು ಎಂಬತ್ತಕ್ಕೂ ಹೆಚ್ಚು ಸಲ ಹತ್ತಿಳಿದ ಲೆಕ್ಕ ಅದು. ಶನಿವಾರ ಹತ್ತಿ ಭಾನುವಾರ ಇಳಿದವರಿಗೆ ಸೋಮವಾರ ಕುರ್ಚಿ ಸಿಗುತ್ತದೆ. ಇಲ್ಲಿ ಸೋಮವಾರವೂ ಅದೇ ಚೀಲ, ಅದೇ ಒದ್ದೆ ಬೂಟು. ಹಿಮಾಲಯದ ಟ್ರೆಕ್‌ಗಳಲ್ಲಿ ಅಡುಗೆಯವರು, ಹೇಸರಗತ್ತೆ, ಮೊದಲೇ ಹಾಕಿಟ್ಟ ಟೆಂಟ್ ಇರುತ್ತವೆ. ಅಪಲೇಚಿಯನ್‌ನಲ್ಲಿ ನೀವೇ ಅಡುಗೆಯವರು, ನೀವೇ ಕತ್ತೆ.

ಪೂರ್ತಿ ನಡೆಯುತ್ತೇವೆಂದು ಹೊರಟವರಲ್ಲಿ ಮುಗಿಸುವವರು ಸುಮಾರು ನಾಲ್ಕರಲ್ಲಿ ಒಬ್ಬರು. ಬಿಡುವವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ, 50 ಕಿ.ಮೀ. ದೂರದ ನೀಲ್ ಗ್ಯಾಪ್ ಎಂಬಲ್ಲಿ ಬಿಡುತ್ತಾರೆ. ದಾರಿ ಡಾಂಬರು ರಸ್ತೆಯನ್ನು ಸೇರುವ ಮೊದಲ ದೊಡ್ಡ ಜಾಗ ಅದು. ಮನೆಗೆ ಹೋಗಲು ಗಾಡಿ ಸಿಗುತ್ತದೆ. ಅವರನ್ನು ಸೋಲಿಸುವುದು ಕರಡಿಯೂ ಅಲ್ಲ, ಹಿಮವೂ ಅಲ್ಲ. ಮೊದಲ ದಿನ ಹುರುಪಿನಲ್ಲಿ 25 ಕಿ.ಮೀ. ನಡೆದಿರುತ್ತಾರೆ, ಎರಡನೇ ದಿನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿರುತ್ತದೆ, ಮೂರನೇ ದಿನ ಬ್ಲಡ್ ಮೌಂಟನ್ ಇಳಿಯುವಾಗ ಮಂಡಿ ಕೈಕೊಡುತ್ತದೆ.

ಹಾಗಾಗಿ ಮೊದಲ ವಾರ ದಿನಕ್ಕೆ 13ರಿಂದ 16 ಕಿ.ಮೀ. ಸಾಕು, ಮೈಯಲ್ಲಿ ಇನ್ನೂ ಕಸುವು ಉಳಿದಿದ್ದರೂ ಸಾಕು. ಮಾಂಸಖಂಡ ಮೂರು ವಾರಕ್ಕೆ ಪಳಗುತ್ತದೆ. ಮೂಳೆ-ಮಾಂಸವನ್ನು ಹಿಡಿದಿಡುವ ಸ್ನಾಯುರಜ್ಜುಗಳು ಪಳಗಲು ತಿಂಗಳುಗಳೇ ಬೇಕು. ನಾಲ್ಕನೇ ದಿನಕ್ಕೆ 'ನನಗೆ ಏನೂ ಆಗಿಲ್ಲ' ಎನ್ನಿಸುವುದು ಈ ಅಂತರದಿಂದಲೇ. ಹತ್ತನೇ ದಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಳ್ಳುವುದೂ ಅದರಿಂದಲೇ.

ಶುರುವಿನ ಜಾಗವನ್ನೂ ಯೋಚಿಸಿ. ಅಮಿಕಲೋಲಾ ಜಲಪಾತದಿಂದ ಸ್ಪ್ರಿಂಗರ್ ತುದಿಗೆ 14 ಕಿ.ಮೀ. ಏರುದಾರಿಯಿದೆ. ಜಲಪಾತದ ಪಕ್ಕದಲ್ಲೇ 604 ಮೆಟ್ಟಿಲು. ಈ 14 ಕಿ.ಮೀ. ಟ್ರೇಲ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ಫಾರೆಸ್ಟ್ ರಸ್ತೆಯಲ್ಲಿ ಗಾಡಿಯಲ್ಲಿ ಹೋದರೆ ತುದಿಗೆ ಒಂದೂವರೆ ಕಿ.ಮೀ. ಹತ್ತಿರದ ಪಾರ್ಕಿಂಗ್‌ನಲ್ಲಿ ಇಳಿಯಬಹುದು. ಮಂಡಿ ಅಷ್ಟೇನೂ ಗಟ್ಟಿಯಿಲ್ಲದವರಿಗೆ ಎರಡನೆಯದೇ ವಾಸಿ. ಅದರಿಂದ ಮರ್ಯಾದೆಯೇನೂ ಹೋಗುವುದಿಲ್ಲ.

ಪಾದದ ವಿಷಯದಲ್ಲಿ ಜಿಪುಣತನ ಬೇಡ. ದಿನವಿಡೀ ನಡೆದಾಗ ಪಾದ ಊದುವುದರಿಂದ ಬೂಟು ಅರ್ಧ ಸೈಜ್ ದೊಡ್ಡದಿರಲಿ. ಇಳಿಜಾರಿನಲ್ಲಿ ಹೆಬ್ಬೆರಳು ತುದಿಗೆ ತಗುಲಿದರೆ ಉಗುರು ಕಪ್ಪಾಗಿ ಬೀಳುತ್ತದೆ. ಚರ್ಮ ಬಿಸಿಯಾಗಿ ಉರಿಯಲು ಶುರುವಾದ ಕೂಡಲೇ, ಬೊಕ್ಕೆ ಏಳುವ ಮುಂಚೆ, ಅಲ್ಲೇ ಕೂತು ಒರೆಸಿ ಒಣಗಿಸಿ ಟೇಪ್ ಹಚ್ಚಿ. 'ಮುಂದಿನ ನೀರಿನ ಹತ್ತಿರ ನೋಡೋಣ' ಎಂದರೆ ಐದು ನಿಮಿಷದ ಕೆಲಸ ಐದು ದಿನದ ಕುಂಟಾಟವಾಗುತ್ತದೆ. ಹಗುರ ಓಟದ ಬೂಟುಗಳು 800 ಕಿ.ಮೀ. ಆಸುಪಾಸಿನಲ್ಲಿ ಸವೆದುಹೋಗುತ್ತವೆ. ಪೂರ್ತಿ ದಾರಿಗೆ ನಾಲ್ಕೈದು ಜೊತೆ ಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಹೊರಡುವ ಮುಂಚಿನ ತಯಾರಿಗೆ ಜಿಮ್‌ಗಿಂತ ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಉತ್ತಮ. ಬೆನ್ನಿಗೆ 10 ಕೆ.ಜಿ. ಅಕ್ಕಿ ಮೂಟೆ ಕಟ್ಟಿಕೊಂಡು, ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ಲಿಫ್ಟ್‌ನಲ್ಲಿ ಇಳಿಯಬೇಡಿ. ಮಂಡಿಯನ್ನು ಪಳಗಿಸುವುದೇ ಇಳಿಯುವ ಕೆಲಸ. ತಿಂಗಳಿಗೊಮ್ಮೆಯಾದರೂ ಎರಡು ದಿನ ಬೆನ್ನುಬೆನ್ನಿಗೆ ಹೊರೆ ಹೊತ್ತು ನಡೆದು, ಎರಡನೇ ದಿನದ ಬೆಳಿಗ್ಗೆ ಮೈ ಹೇಗಿದೆ ನೋಡಿಕೊಳ್ಳಿ.

ಇನ್ನು ವೀಸಾ. ಇಡೀ ದಾರಿಗೆ ಐದರಿಂದ ಏಳು ತಿಂಗಳು ಬೇಕು. ಪ್ರವಾಸಿ ವೀಸಾದಲ್ಲಿ ಹೋದವರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕಷ್ಟೇ ಅನುಮತಿ. ವೀಸಾ ಹತ್ತು ವರ್ಷದ್ದಿದ್ದರೂ, ಲೆಕ್ಕಕ್ಕೆ ಬರುವುದು ದೇಶ ಪ್ರವೇಶಿಸಿದಾಗ ಮಾಡುವ ಐ-94 ಎಂಬ ದಾಖಲೆಯಲ್ಲಿ ನಮೂದಾದ ತಾರೀಖು. ಹೆಚ್ಚಿನ ಸಮಯ ಬೇಕಾದರೆ ಅವಧಿ ಮುಗಿಯುವ ಮುಂಚೆಯೇ ಅರ್ಜಿ ಹಾಕಬೇಕು. ಮೊದಲ ಸಲಕ್ಕೆ ಇಡೀ ದಾರಿಯ ಬದಲು ಸ್ಪ್ರಿಂಗರ್‌ನಿಂದ ವರ್ಜೀನಿಯಾದ ಡಮಾಸ್ಕಸ್ ಊರಿನವರೆಗೆ ನಡೆಯುವುದು ನಮ್ಮ ಸಲಹೆ: ಸುಮಾರು 755 ಕಿ.ಮೀ., ಏಳೆಂಟು ವಾರ. ಟ್ರೇಲ್‌ನ ಕಷ್ಟವೂ ಸುಖವೂ ಅದರಲ್ಲೇ ಗೊತ್ತಾಗುತ್ತದೆ. ನಡುವೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ದಾಟಲು ಪರವಾನಗಿ ಬೇಕು. ಉದ್ದದ ನಡಿಗೆಯವರಿಗೆ ಅದು 40 ಡಾಲರ್, ಎಂಟು ದಿನದೊಳಗೆ ದಾಟಬೇಕು. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಈ ದಕ್ಷಿಣ ಭಾಗದಲ್ಲಿ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಆದ್ದರಿಂದ ಈ ದಾರಿಯನ್ನು ನೋಡಿಕೊಳ್ಳುವ ಸಂಸ್ಥೆ ಅಪಲೇಚಿಯನ್ ಟ್ರೇಲ್ ಕನ್ಸರ್ವೆನ್ಸಿಯ ಜಾಲತಾಣದಲ್ಲಿ ಬಳಸುದಾರಿಗಳ ಸೂಚನೆ ನೋಡದೆ ಹೊರಡಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ಹೇಳಿದ್ದನ್ನೆಲ್ಲ ಕೊಂಡ ಮೇಲೆ ಊಟ, ನೀರು ಸೇರಿ ಚೀಲ 19 ಕೆ.ಜಿ. ತೂಗುತ್ತಿದೆ. ನನ್ನ ತೂಕ 64 ಕೆ.ಜಿ. ಯಾವುದನ್ನು ಬಿಡಲಿ?
— ಓದುಗ, ಅಟ್ಲಾಂಟಾ

ದೇಹದ ತೂಕದ ಐದನೇ ಒಂದು ಪಾಲು ದಾಟಬಾರದು ಎಂಬುದು ಅನುಭವಸ್ಥರ ಅಳತೆ. ನಿಮಗೆ ಅದು ಸುಮಾರು 12.8 ಕೆ.ಜಿ. ನಾಲ್ಕು ದಿನದ ಊಟ 3.2 ಕೆ.ಜಿ., ಒಂದೂವರೆ ಲೀಟರ್ ನೀರು 1.5 ಕೆ.ಜಿ. ಕಳೆದರೆ ಸಾಮಾನಿಗೆ ಉಳಿಯುವುದು 8 ಕೆ.ಜಿ. ಚಿಲ್ಲರೆ. ಆಗದ ಮಾತೇನಲ್ಲ. ಚೀಲ 1.2, ಒಬ್ಬರ ಟೆಂಟ್ 1.2, ಸ್ಲೀಪಿಂಗ್ ಬ್ಯಾಗ್ 1.1, ಕೆಳಹಾಸು ಅರ್ಧ ಕೆ.ಜಿ.: ಈ ನಾಲ್ಕೇ 4 ಕೆ.ಜಿ. ಮೈಮೇಲಿರುವುದನ್ನು ಬಿಟ್ಟು ಉಳಿದ ಬಟ್ಟೆ ಒಂದೂವರೆ, ಮಳೆ ಜಾಕೆಟ್ 350 ಗ್ರಾಂ, ಒಲೆ-ಪಾತ್ರೆ-ಗ್ಯಾಸ್ 600 ಗ್ರಾಂ, ನೀರಿನ ಫಿಲ್ಟರ್-ಬಾಟಲಿ 250 ಗ್ರಾಂ, ಹಣೆದೀಪ-ಫೋನ್-ಪವರ್ ಬ್ಯಾಂಕ್ ಅರ್ಧ ಕೆ.ಜಿ., ಔಷಧಿ 300 ಗ್ರಾಂ, ಚಿಲ್ಲರೆ ಸಾಮಾನು 300 ಗ್ರಾಂ. ಒಟ್ಟು 7.8.

ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದಿಡಿ. ಕಳ್ಳರು ತಾವಾಗಿ ಸಿಕ್ಕಿಬೀಳುತ್ತಾರೆ. ಸಾಮಾನ್ಯವಾಗಿ ಸಿಕ್ಕಿಬೀಳುವವರು: ಎರಡನೇ ಪಾತ್ರೆ, ಜೀನ್ಸ್, ದೊಡ್ಡ ಚಾಕು, ಕೊಡಲಿ, ಮಡಿಸುವ ಕುರ್ಚಿ, 'ಇರಲಿ' ಎಂದು ಇಟ್ಟ ಮೂರನೇ ಟೀಶರ್ಟ್, ಪೂರ್ತಿ ಟೂತ್‌ಪೇಸ್ಟ್ ಟ್ಯೂಬ್. ನೀಲ್ ಗ್ಯಾಪಿನ ಅಂಗಡಿಯಲ್ಲಿ ಹೊಸಬರ ಚೀಲ ಬಿಚ್ಚಿಸಿ, ಬೇಡದ್ದನ್ನು ಪೆಟ್ಟಿಗೆಗೆ ತುಂಬಿ ಮನೆಗೆ ಅಂಚೆ ಮಾಡಿಸುವುದೇ ಮಾರ್ಚ್ ತಿಂಗಳ ದೊಡ್ಡ ಕೆಲಸ.

ಆದರೆ ತೂಕದ ಆಸೆಗೆ ಸ್ಲೀಪಿಂಗ್ ಬ್ಯಾಗ್ ಕಡೆ ಕೈ ಹಾಕಬೇಡಿ. ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮೈನಸ್ 7 ಡಿಗ್ರಿಯದು ಬೇಕು. ಚೀಟಿಯಲ್ಲಿ 'ಕಂಫರ್ಟ್', 'ಲಿಮಿಟ್' ಎಂದು ಎರಡು ಅಂಕಿ ಇರುತ್ತವೆ. ದೊಡ್ಡಕ್ಷರದಲ್ಲಿ ಜಾಹೀರಾಗುವುದು ಹೆಚ್ಚಾಗಿ ಎರಡನೆಯದು, ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ನೀವು ನೋಡಬೇಕಾದ್ದು ಮೊದಲನೆಯದನ್ನು. ಕೆಳಹಾಸು ತೆಳುವಾದರೆ ಎಂಥ ಬ್ಯಾಗೂ ಕೆಲಸ ಮಾಡದು. ಮಲಗಿದಾಗ ಮೈಭಾರಕ್ಕೆ ಅಡಿಯ ಪುಕ್ಕ ಚಪ್ಪಟೆಯಾಗಿ, ನೆಲ ನೇರವಾಗಿ ಶಾಖ ಹೀರುತ್ತದೆ.

ತುಂಬುವಾಗ ಭಾರದ್ದು ಬೆನ್ನಿಗೆ ಹತ್ತಿ, ನಡುಮಟ್ಟದಲ್ಲಿ ಇರಲಿ. ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಮೊದಲು ಬಿಗಿದು, ಆಮೇಲೆ ಹೆಗಲಪಟ್ಟಿ. ಭಾರದ ಮುಕ್ಕಾಲು ಪಾಲು ಸೊಂಟ ಹೊರಬೇಕು. ಮಳೆ ಹೊದಿಕೆಯನ್ನು ನಂಬಿ ಕೂರಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಚೀಲದೊಳಗೆ ದಪ್ಪ ಕಸದ ಚೀಲವೊಂದನ್ನು ಹಾಕಿ ಬಟ್ಟೆ, ಹಾಸಿಗೆಯನ್ನು ಅದರಲ್ಲಿ ತುಂಬಿ ಬಾಯಿ ತಿರುಚಿ ಮಡಚಿ.

ಪ್ರಶ್ನೆ: ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು ನಾವು. ಅಲ್ಲಿ ತಿನ್ನುವುದೇನು? ಮಂಡಕ್ಕಿ ಒಯ್ಯಬಹುದೇ?
— ಓದುಗರು, ದಾವಣಗೆರೆ

ದಾವಣಗೆರೆಯವರು ಮಂಡಕ್ಕಿ ಕೇಳದೆ ಇನ್ನೇನು ಕೇಳಿಯಾರು! ತೂಕವೇನೋ ಇಲ್ಲ, ಆದರೆ ಎರಡು ದಿನದ ಮಂಡಕ್ಕಿಗೇ ಚೀಲ ಭರ್ತಿ. ಅದರ ಬದಲು ಅವಲಕ್ಕಿ. ಟ್ರೇಲ್‌ನಲ್ಲಿ ಒಲೆ ಹಚ್ಚದೆ ತಿನ್ನಲು ಅಲ್ಲಿನವರು ಹುಡುಕುವ ಗುಣಗಳೆಲ್ಲ ಅದರಲ್ಲಿವೆ: ತಣ್ಣೀರಿನಲ್ಲಿ ನೆನೆಯುತ್ತದೆ, ಕೆಡುವುದಿಲ್ಲ, ಒತ್ತಿ ತುಂಬಬಹುದು. ಗಟ್ಟಿ ಅವಲಕ್ಕಿಗೆ ಅದರ ಮಟ್ಟಕ್ಕೆ ನೀರು ಹಾಕಿ 15 ನಿಮಿಷ ಬಿಟ್ಟು, ಚಟ್ನಿಪುಡಿ, ತುಪ್ಪ, ಶೇಂಗಾ ಕಲಸಿ. ಚಳಿಯ ಬೆಳಿಗ್ಗೆ ನೆನೆಯಲು ಅದರ ಎರಡರಷ್ಟು ಹೊತ್ತು ಬೇಕಾಗುತ್ತದೆ. ರಾತ್ರಿಯೇ ನೆನೆಹಾಕಿದರೆ ಮುದ್ದೆಯಾಗುತ್ತದೆ.

ದಿನಕ್ಕೆ ಏನು, ಎಷ್ಟು? ಅವಲಕ್ಕಿ 150 ಗ್ರಾಂ, ಶೇಂಗಾ 150, ತುಪ್ಪ 50, ಬೆಲ್ಲ 50, ಹಾಲಿನಪುಡಿ 50, ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಟಾರ್ಟಿಯಾ ಎಂಬ ರೊಟ್ಟಿ ನಾಲ್ಕು, ರಾತ್ರಿಗೆ ಇನ್‌ಸ್ಟಂಟ್ ಅನ್ನ ಅಥವಾ ನೂಡಲ್ಸ್ 150 ಗ್ರಾಂ. ಹತ್ತಿರ ಹತ್ತಿರ 800 ಗ್ರಾಂ, 3,400 ಕ್ಯಾಲೊರಿ. ಮೊದಲೆರಡು ವಾರಕ್ಕೆ ಇಷ್ಟು ಸಾಕು, ಆಗ ಸುಸ್ತಿಗೆ ಹಸಿವೇ ಇರುವುದಿಲ್ಲ. ಅಲ್ಲಿಂದ ಮುಂದೆ 4,000 ದಾಟಿದರೂ ಸಾಲದು. ತೂಕ ಏರಿಸದೆ ಕ್ಯಾಲೊರಿ ಏರಿಸುವುದು ಎಣ್ಣೆ ಅಂಶದಿಂದ ಮಾತ್ರ: 100 ಗ್ರಾಂ ತುಪ್ಪಕ್ಕೆ 900 ಕ್ಯಾಲೊರಿಯ ಆಸುಪಾಸು, ಬೆಲ್ಲಕ್ಕೆ 400ರ ಒಳಗೆ. ಹುರಿಹಿಟ್ಟು, ಶೇಂಗಾ ಉಂಡೆ, ಕೊಬ್ಬರಿ ಈ ಲೆಕ್ಕದಲ್ಲಿ ಚೆನ್ನ. ಒಣಹಣ್ಣು ರುಚಿಗಷ್ಟೇ.

ಎಡವುವುದು ಎಲ್ಲಿ? ನೂಡಲ್ಸ್ ಪೊಟ್ಟಣದ ಮಸಾಲೆಯಲ್ಲಿ ಕೋಳಿ ಅಥವಾ ದನದ ಅಂಶ ಇರುತ್ತದೆ, ಮಾರ್ಷ್‌ಮ್ಯಾಲೊ ಮಿಠಾಯಿಯಲ್ಲಿ ಜೆಲಟಿನ್ ಎಂಬ ಪ್ರಾಣಿಮೂಲದ ಅಂಟು. ಚೀಟಿ ಓದಿ. ಅವಲಕ್ಕಿ, ಚಟ್ನಿಪುಡಿಯನ್ನು ಅಲ್ಲಿನ ಭಾರತೀಯ ಅಂಗಡಿಯಲ್ಲೇ ಕೊಂಡು, ಮೂರ್ನಾಲ್ಕು ಪೆಟ್ಟಿಗೆ ಮಾಡಿ ದಾರಿಯ ಊರುಗಳ ಅಂಚೆ ಕಚೇರಿಗೆ 'ಜನರಲ್ ಡೆಲಿವರಿ' ಎಂದು ಕಳಿಸಬಹುದು. ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ. ಸಣ್ಣ ಊರಿನ ಅಂಚೆ ಕಚೇರಿ ಶನಿವಾರ ಮಧ್ಯಾಹ್ನ ಮುಚ್ಚಿದರೆ ಸೋಮವಾರವೇ ತೆರೆಯುವುದು. ಒಂದು ಪೆಟ್ಟಿಗೆಗಾಗಿ ಎರಡು ದಿನದ ಲಾಡ್ಜ್ ಬಾಡಿಗೆ ತೆತ್ತವರುಂಟು. ಇಡೀ ದಾರಿಗೆ ಒಂದೇ ಸಲ ಪೆಟ್ಟಿಗೆ ಕಟ್ಟಿಡುವುದು ಬೇಡ. ಆರನೇ ವಾರಕ್ಕೆ ಅದೇ ಗೊಜ್ಜವಲಕ್ಕಿ ಕಂಡರೆ ವಾಕರಿಕೆ ಬರುತ್ತದೆ.

ಉಪ್ಪು ಮರೆಯಬೇಡಿ. ಬೆವರು ಹರಿಯುವಾಗ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು. ನೋಡಲು ಬಿಸಿಲಿನ ಬಳಲಿಕೆಯಂತೆಯೇ ಇರುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ಒಂದು ಚಿಟಿಕೆ ಉಪ್ಪಿನ ಶೇಂಗಾ, ಉಪ್ಪಿನಕಾಯಿ ರಸ ನೀರಿನ ಜೊತೆಗೇ ಹೋಗಲಿ.

ಪ್ರಶ್ನೆ: ಕರಾವಳಿಯವರಿಗೆ ಮಳೆ ಹೊಸದೇ? ಎಂಟು-ಹತ್ತು ಡಿಗ್ರಿಯ ಮಳೆಗೆ ಜನ ಸಾಯುತ್ತಾರೆಂದು ಬರೆಯುವುದು ಉತ್ಪ್ರೇಕ್ಷೆ ಅಲ್ಲವೇ?
— ಓದುಗ, ಮಂಗಳೂರು

ಅಲ್ಲ. ಆಗುಂಬೆಯ ಜಡಿಮಳೆಯಲ್ಲೂ ಗಾಳಿ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಲ್ಲಿ ನೆನೆಯುವುದು ಕಿರಿಕಿರಿ, ಅಪಾಯವಲ್ಲ. ಅದೇ ಮಳೆ ಐದು ಡಿಗ್ರಿಯಲ್ಲಿ, ಗಾಳಿಯ ಜೊತೆ ಬಂದರೆ ಲೆಕ್ಕವೇ ಬೇರೆ. ಒಣ ಗಾಳಿಗಿಂತ ನೀರು ದೇಹದ ಶಾಖವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಎಳೆಯುತ್ತದೆ. ಹಿಮ ಬೀಳುವ ಮೈನಸ್ ಐದು ಡಿಗ್ರಿಯ ದಿನಕ್ಕಿಂತ ಮಳೆಯ ಐದು ಡಿಗ್ರಿಯ ದಿನ ಕೆಟ್ಟದ್ದು. ಹಿಮವನ್ನು ಕೊಡವಿಕೊಳ್ಳಬಹುದು, ಮಳೆಯನ್ನು ಆಗದು.

ಹತ್ತಿ ಬಟ್ಟೆ ಮನೆಯಲ್ಲೇ ಇರಲಿ. ಅದು ನೀರು ಕುಡಿದು ಮೈಗೆ ಅಂಟಿ ಒಣಗದೆ ಕೂರುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಬಟ್ಟೆ, ಮೇಲೆ ಫ್ಲೀಸ್, ಅದರ ಮೇಲೆ ಮಳೆ ಜಾಕೆಟ್. ಏರು ಹತ್ತುವಾಗ ಫ್ಲೀಸ್ ಬಿಚ್ಚಿ, ಇಲ್ಲವಾದರೆ ಜಾಕೆಟ್ಟಿನೊಳಗೆ ಬೆವರಿನಲ್ಲೇ ನೆನೆಯುತ್ತೀರಿ. ನಿಂತ ಎರಡೇ ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಿ. ಮಲಗಲೆಂದೇ ಒಂದು ಜೊತೆ ಒಣಬಟ್ಟೆ, ಒಂದು ಜೊತೆ ಕಾಲುಚೀಲ ಕಸದ ಚೀಲದೊಳಗೆ ಭದ್ರವಾಗಿರಲಿ. ಬೆಳಿಗ್ಗೆ ಎಷ್ಟೇ ಅಸಹ್ಯವಾದರೂ ಒದ್ದೆಯದನ್ನೇ ತೊಟ್ಟು ಹೊರಡಿ, ಹತ್ತು ನಿಮಿಷದ ನಡಿಗೆಗೆ ಮೈ ಬಿಸಿಯಾಗುತ್ತದೆ. ಒಣ ಜೊತೆಯನ್ನೂ ನೆನೆಸಿಕೊಂಡವರಿಗೆ ಆ ರಾತ್ರಿ ಗತಿಯಿಲ್ಲ.

ಜೊತೆಯವರು ತಡವರಿಸುತ್ತಿದ್ದಾರೆ, ಮಾತು ತೊದಲುತ್ತಿದೆ, ಜಿಪ್ ಎಳೆಯಲು ಬೆರಳು ಕೇಳುತ್ತಿಲ್ಲ, 'ಸುಮ್ಮನೆ ಬಿಡಿ ನನ್ನ' ಎಂದು ಸಿಡುಕುತ್ತಿದ್ದಾರೆ: ಇವು ಸಾಕು. 'ಮುಂದಿನ ತಂಗುಮನೆ ಇನ್ನು ಮೂರೇ ಕಿ.ಮೀ.' ಎಂದು ಎಳೆದುಕೊಂಡು ಹೋಗಬೇಡಿ. ಅಲ್ಲೇ ಟೆಂಟ್ ಎಬ್ಬಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒರೆಸಿ, ಒಣಬಟ್ಟೆ ಹಾಕಿ ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕಂಕುಳಲ್ಲಿ ಇಡಿ. ನುಂಗುವ ಎಚ್ಚರವಿದ್ದರೆ ಬೆಲ್ಲದ ಬಿಸಿನೀರು ಕೊಡಿ. ಮದ್ಯ ಬೇಡ, ಕೈಕಾಲು ತಿಕ್ಕುವುದೂ ಬೇಡ. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಚೇತರಿಕೆಯಲ್ಲ, ದೇಹ ಕೈಚೆಲ್ಲಿದ ಗುರುತು. ತಡಮಾಡದೆ ತುರ್ತು ನೆರವು ಕರೆಯಿರಿ.

ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ 1,917 ಮೀಟರ್, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಷ್ಟೇ. 1934ರ ಏಪ್ರಿಲ್‌ನಲ್ಲಿ ಅದರ ತುದಿಯಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಗಿದೆ. ಮರಗಳೇ ಇಲ್ಲದ ಆ ಬೋಳುದಂಡೆಯ ಮೇಲೆ ಆಗಸ್ಟ್‌ನಲ್ಲೂ ಚಳಿಬಟ್ಟೆ ಬೇಕು.

ಪ್ರಶ್ನೆ: ನಮ್ಮ ಕಡೆ ಉಣುಗಿನಿಂದ ಮಂಗನ ಕಾಯಿಲೆ. ಅಲ್ಲಿಯೂ ಉಣುಗಿನ ಕಾಟವಂತೆ?
— ಓದುಗರು, ಸಿರ್ಸಿ

ಹೌದು, ಕಾಯಿಲೆ ಮಾತ್ರ ಬೇರೆ. ಅಲ್ಲಿನ ಕಪ್ಪುಕಾಲಿನ ಉಣುಗು ಲೈಮ್ ಎಂಬ ಬ್ಯಾಕ್ಟೀರಿಯಾ ರೋಗ ಹರಡುತ್ತದೆ. ಮಂಗನ ಕಾಯಿಲೆ ವೈರಸ್‌ನದು, ಅದಕ್ಕೆ ನೇರ ಔಷಧಿಯಿಲ್ಲ. ಲೈಮ್‌ಗೆ ಆಂಟಿಬಯೋಟಿಕ್ ಇದೆ, ಬೇಗ ಹಿಡಿದರೆ ವಾಸಿಯಾಗುತ್ತದೆ. ವರ್ಜೀನಿಯಾದಿಂದ ಉತ್ತರಕ್ಕೆ, ಮೇ-ಜುಲೈ ತಿಂಗಳಲ್ಲಿ ಜೋರು. ಆಗಿನ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೂಟು, ಕಾಲುಚೀಲ, ಪ್ಯಾಂಟಿಗೆ 0.5 ಶೇಕಡಾ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿ. ಅದು ಬಟ್ಟೆಗೆ, ಚರ್ಮಕ್ಕಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ದಿನಾ ಸಂಜೆ ಮಂಡಿ ಹಿಂದೆ, ತೊಡೆಸಂದು, ಸೊಂಟ, ಕಂಕುಳು, ಕೂದಲ ಬುಡ ತಡವಿ ನೋಡಿ. ಕಚ್ಚಿ 24 ಗಂಟೆಯೊಳಗೆ ತೆಗೆದರೆ ಲೈಮ್ ದಾಟುವ ಸಂಭವ ಬಹಳ ಕಡಿಮೆ. ಚೂಪು ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ. ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಉಣುಗು ಬಹಳ ಹೊತ್ತು ಕಚ್ಚಿಕೊಂಡಿತ್ತು ಎನ್ನಿಸಿದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ, ಒಂದೇ ಗುಳಿಗೆ ಸಾಕೇ ಎಂದು ಅವರು ಹೇಳುತ್ತಾರೆ. ಕೆಂಪು ಉಂಗುರ ಮೂಡಿದರೆ ಅಥವಾ ಬೇಸಿಗೆಯಲ್ಲಿ ಜ್ವರ-ಮೈಕೈನೋವು ಬಂದರೆ 'ನಡಿಗೆಯ ಸುಸ್ತು' ಎಂದು ತಳ್ಳಿಹಾಕಬೇಡಿ.

ಪ್ರಶ್ನೆ: ಬೆಟ್ಟದ ಝರಿ ನೀರು ಶುದ್ಧವೇ ಇರುತ್ತದಲ್ಲ, ಫಿಲ್ಟರ್ ಬೇಕೇ?
— ಓದುಗರು, ಚಿಕ್ಕಮಗಳೂರು

ಬೇಕು. ಝರಿಯ ಮೇಲ್ಗಡೆ ಯಾವ ಪ್ರಾಣಿ ಏನು ಮಾಡಿದೆಯೋ ನಿಮಗೆ ಕಾಣುವುದಿಲ್ಲ. ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಹೊಟ್ಟೆ ಸೇರಿದರೆ ಒಂದೆರಡು ವಾರ ಬಿಟ್ಟು ಭೇದಿ ಶುರು. ಎಲ್ಲಿ ಕುಡಿದ ನೀರು ಎಂಬುದೂ ಮರೆತಿರುತ್ತದೆ. ಹಿಂಡಿ ಸೋಸುವ ಕೊಳವೆ ಫಿಲ್ಟರ್ 100 ಗ್ರಾಮಿನೊಳಗೆ ಬರುತ್ತದೆ. ಅದರ ವೈರಿ ಹಿಮ. ಒಳಗುಳಿದ ನೀರು ಗಟ್ಟಿಯಾದರೆ ಎಳೆಗಳು ಸೀಳುತ್ತವೆ. ಆಮೇಲೂ ನೀರು ಮಾಮೂಲಿನಂತೆಯೇ ಬರುವುದರಿಂದ ಕೆಟ್ಟದ್ದು ತಿಳಿಯುವುದೇ ಇಲ್ಲ. ಚಳಿರಾತ್ರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಆಪತ್ತಿಗೆ ಕ್ಲೋರಿನ್ ಡೈಆಕ್ಸೈಡ್ ಗುಳಿಗೆ ಇರಲಿ. ತಂಗುಮನೆಗಳಲ್ಲಿ ಹರಡುವ ವಾಂತಿ-ಭೇದಿ ಬಹುಪಾಲು ನೀರಿನದಲ್ಲ, ಕೈಯದು. ಆ ನೊರೋವೈರಸ್‌ಗೆ ಸ್ಯಾನಿಟೈಸರ್ ನಾಟುವುದಿಲ್ಲ, ಸೋಪು ನೀರೇ ಬೇಕು. ತೊಳೆಯುವುದು ಝರಿಯಿಂದ 60 ಮೀಟರ್ ದೂರದಲ್ಲಿ. ಬಯಲಿಗೆ ಕೂರುವುದಾದರೂ ಅಷ್ಟೇ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ, ಮೇಲೆ ಮಣ್ಣು.

ಪ್ರಶ್ನೆ: ಬಿಳಿ ಗುರುತು ಹಿಡಿದು ಹೋದರೆ ದಾರಿ ತಪ್ಪುವುದೇ ಇಲ್ಲವಂತೆ, ನಿಜವೇ?
— ಓದುಗ, ಶಿವಮೊಗ್ಗ

ದಾರಿಯ ಮೇಲಿರುವವರೆಗೆ ನಿಜ. ಮರಕ್ಕೆ, ಬಂಡೆಗೆ ಬಳಿದ 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಬಿಳಿಪಟ್ಟಿ ಮುಖ್ಯ ದಾರಿಯ ಗುರುತು. ಒಂದರ ಮೇಲೊಂದು ಎರಡಿದ್ದರೆ ಮುಂದೆ ತಿರುವು. ನೀಲಿ ಪಟ್ಟಿ ನೀರಿಗೋ ತಂಗುಮನೆಗೋ ಹೋಗುವ ಅಡ್ಡದಾರಿ. ಐದು ನಿಮಿಷ ನಡೆದರೂ ಬಿಳಿಪಟ್ಟಿ ಕಾಣದಿದ್ದರೆ ಮುಂದಕ್ಕೆ ಹುಡುಕಬೇಡಿ. ಕೊನೆಯದಾಗಿ ಕಂಡ ಪಟ್ಟಿಗೆ ಹಿಂತಿರುಗಿ.

ತಪ್ಪಿಸಿಕೊಳ್ಳುವುದು ದಾರಿ ಬಿಟ್ಟು ಕೆಳಗಿಳಿದವರು. 2013ರ ಜುಲೈನಲ್ಲಿ ಮೇಯ್ನ್‌ನಲ್ಲಿ, ಸಾವಿರಕ್ಕೂ ಹೆಚ್ಚು ಕಿ.ಮೀ. ನಡೆದಿದ್ದ ಅನುಭವಿ ಮಹಿಳೆಯೊಬ್ಬರು ಶೌಚಕ್ಕೆಂದು ದಾರಿ ಬಿಟ್ಟವರು ಮರಳಿ ದಾರಿ ಕಾಣಲಿಲ್ಲ. ಗಂಡನಿಗೆ ಕಳಿಸಿದ ಮೆಸೇಜುಗಳು ಸಿಗ್ನಲ್ ಇಲ್ಲದೆ ಹೋಗಲಿಲ್ಲ. ಮೂರು ವಾರಕ್ಕೂ ಹೆಚ್ಚು ಬದುಕಿದ್ದರು ಎಂದು ಅವರ ದಿನಚರಿ ಹೇಳುತ್ತದೆ. ಅವಶೇಷ ಸಿಕ್ಕಿದ್ದು 2015ರಲ್ಲಿ, ದಾರಿಯಿಂದ 3 ಕಿ.ಮೀ.ಗೂ ಕಡಿಮೆ ದೂರದಲ್ಲಿ. ಆದ್ದರಿಂದ ದಾರಿ ಬಿಡುವಾಗ ಊರುಗೋಲಿಗೆ ಬಣ್ಣದ ಬಟ್ಟೆ ಕಟ್ಟಿ ದಾರಿಯಂಚಿಗೆ ನೆಡಿ, ಎಪ್ಪತ್ತು ಹೆಜ್ಜೆ ಎಣಿಸಿಕೊಂಡು ಹೋಗಿ, ನಡುವೆ ತಿರುಗಿ ನೋಡಿ. ಮರಳಲು ಗೊತ್ತಾಗದಿದ್ದರೆ ನಿಂತುಬಿಡಿ. ಸೀಟಿಯನ್ನು ಮೂರು ಮೂರು ಸಲ ಊದಿ. ಮೇಲಿಂದ ಕಾಣುವ ಬಯಲಿದ್ದರೆ ಅಲ್ಲಿ ಟೆಂಟ್ ಹರಡಿ. ಫೋನಿಗಿಂತ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ ಒಯ್ಯುವುದು ಒಳ್ಳೆಯದು. ಮೇಯ್ನ್‌ನ ಕೊನೆಯ 160 ಕಿ.ಮೀ. ಕಾಡಿಗಂತೂ ಅದು ಬೇಕೇಬೇಕು.

ಪ್ರಶ್ನೆ: ದರೋಜಿಯ ಪಕ್ಕದ ಊರಿನವನು ನಾನು, ಕರಡಿ ಎಂದರೆ ನಡುಕ. ಅಲ್ಲಿ ಹೇಗೆ?
— ಓದುಗ, ಹೊಸಪೇಟೆ

ದರೋಜಿಯ ಕರಡಿ ಗಾಬರಿಯಾದರೆ ಮೈಮೇಲೆ ಬರುವ ಜಾತಿ. ಅಪಲೇಚಿಯನ್ನಿನ ಕಪ್ಪು ಕರಡಿ ಸಾಮಾನ್ಯವಾಗಿ ಓಡಿಹೋಗುತ್ತದೆ. ಅದಕ್ಕೆ ಬೇಕಾದ್ದು ನಿಮ್ಮ ಊಟ. ಊಟ, ಟೂತ್‌ಪೇಸ್ಟ್, ಚಟ್ನಿಪುಡಿಯ ಖಾಲಿ ಕವರ್ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ನೆಲದಿಂದ 3.6 ಮೀಟರ್ ಎತ್ತರ, ಮರದ ಕಾಂಡದಿಂದ 1.8 ಮೀಟರ್ ದೂರಕ್ಕೆ ತೂಗುಹಾಕಿ. 15 ಮೀಟರ್ ಹಗ್ಗ ಬೇಕು. ಟೆಂಟಿನೊಳಗೆ ಬಿಸ್ಕತ್ತಿನ ಚೂರೂ ಬೇಡ. ಜಾರ್ಜಿಯಾದಲ್ಲಿ ಜಾರರ್ಡ್ ಗ್ಯಾಪ್‌ನಿಂದ ನೀಲ್ ಗ್ಯಾಪ್‌ವರೆಗೆ ಮಾರ್ಚ್‌ನಿಂದ ಜೂನ್ 1ರ ತನಕ ರಾತ್ರಿ ತಂಗಲು, ಊಟ ಇಡಲೆಂದು ಕರಡಿ ಬಿಚ್ಚಲಾಗದ ಗಟ್ಟಿ ಡಬ್ಬಿ ಕಡ್ಡಾಯ ಮಾಡಿದ್ದಾರೆ. ಇಲ್ಲದವರು ಆ 8 ಕಿ.ಮೀ.ಯನ್ನು ಹಗಲಲ್ಲೇ ದಾಟುತ್ತಾರೆ. ಹೊರಡುವ ವರ್ಷದ ನಿಯಮ ನೋಡಿಕೊಳ್ಳಿ. ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ಕೈಯೆತ್ತಿ ಗಟ್ಟಿಯಾಗಿ ಕೂಗಿ.

ಪ್ರಶ್ನೆ: ನನಗೆ 62, ಮನೆಯವರಿಗೆ 58. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಬೇಸಿಗೆಯಲ್ಲಿ ಹೋಗುತ್ತೇವೆ. ಸ್ವಲ್ಪವಾದರೂ ನಡೆಯಬಹುದೇ?
— ನಿವೃತ್ತ ಶಿಕ್ಷಕರು, ಮೈಸೂರು

ಧಾರಾಳವಾಗಿ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬಾಕೆ 67ನೇ ವಯಸ್ಸಿನಲ್ಲಿ, ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು ಒಬ್ಬರೇ ಇಡೀ ದಾರಿ ಮುಗಿಸಿದ್ದರು. ನ್ಯೂಜೆರ್ಸಿಯಲ್ಲೇ ಟ್ರೇಲ್ 116 ಕಿ.ಮೀ. ಇದೆ. ಮೊದಲು ವರ್ನನ್ ಬಳಿಯ ಪೊಚಕ್ ಜೌಗಿನ ಮರದ ಹಲಗೆ ದಾರಿ ಮತ್ತು ತೂಗುಸೇತುವೆಯಲ್ಲಿ ಒಂದು ಬೆಳಿಗ್ಗೆ ನಡೆದು ನೋಡಿ, ಮಟ್ಟಸವಾಗಿದೆ. ಹಿಡಿಸಿದರೆ ಮೇರಿಲ್ಯಾಂಡ್ ಭಾಗ, 66 ಕಿ.ಮೀ.: ಏರಿಳಿತ ಕಡಿಮೆ, ನಾಲ್ಕೈದು ದಿನಕ್ಕೆ ಆರಾಮವಾಗಿ ಮುಗಿಯುತ್ತದೆ. ರಸ್ತೆಗಳು ಅಲ್ಲಲ್ಲಿ ಅಡ್ಡ ಸಿಗುವುದರಿಂದ ಮಗಳು ಸಂಜೆಗೆ ಗಾಡಿ ತಂದು ಕರೆದೊಯ್ಯಬಹುದು. ನಡುವಿನ ಪೆನ್ಸಿಲ್ವೇನಿಯಾದ ಬೆಟ್ಟಗಳು ಎತ್ತರವಿಲ್ಲವೆಂದು ಅದನ್ನು ಆರಿಸಿಕೊಳ್ಳಬೇಡಿ. ಅದರ ಉತ್ತರ ಭಾಗದಲ್ಲಿ ನೆಲವೆಲ್ಲ ಚೂಪುಕಲ್ಲು, ಪಾದ ಹೊರಳುತ್ತದೆ. ನ್ಯೂಜೆರ್ಸಿಯ ಟ್ರೇಲ್‌ನಲ್ಲಿ ಬೆಂಕಿ ಹಾಕುವಂತಿಲ್ಲ, ಗೊತ್ತುಮಾಡಿದ ಜಾಗ ಬಿಟ್ಟು ತಂಗುವಂತಿಲ್ಲ.

ಪ್ರಯಾಣ ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಇದೆಯೇ, ಚಾರಣದಲ್ಲಿ ಬಿದ್ದರೆ ಕೊಡುತ್ತಾರೆಯೇ? ಬಿಪಿ, ಸಕ್ಕರೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸದೆ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಒಯ್ಯಿರಿ.

ಪ್ರಶ್ನೆ: ಕ್ಯಾಂಪ್ ಗ್ಯಾಸ್ ಸಿಲಿಂಡರ್ ಇಲ್ಲಿಂದಲೇ ಒಯ್ಯಬಹುದೇ?
— ಓದುಗ, ಹುಬ್ಬಳ್ಳಿ

ಇಲ್ಲ. ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅಲ್ಲಿಯೇ 100 ಗ್ರಾಮಿನದು ಕೊಳ್ಳಿ, ದಿನಕ್ಕೆರಡು ಸಲ ನೀರು ಕುದಿಸಿದರೆ ಒಬ್ಬರಿಗೆ ನಾಲ್ಕೈದು ದಿನ ಬರುತ್ತದೆ. ಬಳಸಿದ ಒಲೆ ಒಯ್ಯುವುದಾದರೆ ಇಂಧನದ ವಾಸನೆ ಪೂರ್ತಿ ಹೋಗುವಂತೆ ತೊಳೆದಿರಲಿ. ಊರುಗೋಲು ಲಗೇಜಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಅದಲುಬದಲಾದರೆ ಎರಡನ್ನೂ ನಿಲ್ದಾಣದಲ್ಲೇ ಬಿಟ್ಟು ಹೋಗಬೇಕಾದೀತು.